ಮಂಗಳೂರು ಬಂದರು ಪಂಪ್‌ವೆಲ್ ತನಕ ಹೋಗಿದ್ದೇಕೆ?

ನಮ್ಮ ಕರಾವಳಿಯ ಹಳೇ ನಕ್ಷೆ, ಕೆನರಾ ಹಾಳೆ, ಕೊನೆಗೂ ಇಂದಿನ ಭೂಪಟದ ಮೇಲೆ ತನ್ನ ಜಾಗದಲ್ಲಿ ಕೂತಿತು. ಅಲ್ಲಿಯವರೆಗೂ ನನ್ನ ಸ್ಕ್ರೀನ್ ಮೇಲೆ ಮಂಗಳೂರಿನ ಹಳೇ ಬಂದರು ಊರೊಳಗಿನ ಪಂಪ್‌ವೆಲ್ ವೃತ್ತ ದಾಟಿ ನಿಂತಿತ್ತು. ಹಾಯಿಹಡಗುಗಳು ಫ್ಲೈಓವರ್ ಕೆಳಗೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿವೆ ಅಂತ ಮನೆಯಲ್ಲಿ ನಗಾಡಿದ್ದೂ ಆಯಿತು.

ಇದು ಇಂಚಿಗೆ 4 ಮೈಲಿ ಅಳತೆಯ, 19ನೇ ಶತಮಾನದ ಸರ್ವೇ ನಕ್ಷೆ. ಪೋರ್ಚುಗೀಸರು 1568ರಲ್ಲಿ ಮಂಗಳೂರಿನಲ್ಲಿ, ಮರುವರ್ಷ ಹೊನ್ನಾವರ ಮತ್ತು ಬಸ್ರೂರಿನಲ್ಲಿ ಕಾಲೂರಿದರಲ್ಲ, ಆ ಬಂದರುಗಳ ಅಳಿವೆಗಳು (ನದಿ ಕಡಲು ಸೇರುವ ಬಾಯಿ) ಈ ನಕ್ಷೆ ಬರೆದಾಗ ಎಲ್ಲಿದ್ದವು, ಈಗೆಲ್ಲಿವೆ ಅಂತ ನೋಡಬೇಕು. ಅಷ್ಟೇ ನನ್ನ ಆಸೆ. ಸ್ಕ್ಯಾನ್, ಕ್ಲೀನಿಂಗ್, ನಕ್ಷೆಗಳ ತಂತ್ರಾಂಶ ಕ್ಯೂಜಿಐಎಸ್‌ಗೆ ಹಾಕಿದ್ದು, ಅದೆಲ್ಲ ಬಿಡಿ, ನಿಮಗೆ ಗೊತ್ತಿರುವುದೇ.

ಮೊದಲು ನಕ್ಷೆಯ ಮೇಲೇ ಅಚ್ಚಾಗಿರುವ ಅಕ್ಷಾಂಶ, ರೇಖಾಂಶದ ಗೆರೆಗಳು ಕೂಡುವ ಕಡೆಯೆಲ್ಲ ಕಂಟ್ರೋಲ್ ಪಾಯಿಂಟ್ (ನಕ್ಷೆಯ ಈ ಚುಕ್ಕೆ ಭೂಮಿಯ ಮೇಲೆ ಇಲ್ಲಿದೆ ಅಂತ ಹೇಳುವ ಗುರುತು) ಇಟ್ಟೆ. ರೆಸಿಡ್ಯುಯಲ್, ಅಂದರೆ ಕೂರಿಸಿದ ಮೇಲೂ ಉಳಿಯುವ ವ್ಯತ್ಯಾಸ, ಎಷ್ಟು ಚಿಕ್ಕದಾಗಿ ಬಂತು ಅಂದರೆ ಅನುಮಾನ ಬರಬೇಕು, ಹಾಗೆ. ಕೆಳಗೆ ಉಪಗ್ರಹ ಚಿತ್ರ ಹಾಕಿ ನೋಡಿದರೆ ಕರಾವಳಿ ಪೂರ್ತಿ ನೆಲದ ಮೇಲೆ ಬಂದಿದೆ! ನಾಲ್ಕು ಕಿಲೋಮೀಟರಿಗೂ ಜಾಸ್ತಿ ಪೂರ್ವಕ್ಕೆ. ಕಾಗದದ ಮೇಲೆ ಅದು 17 ಮಿಲಿಮೀಟರ್. ಕಾಗದ ಕುಗ್ಗಿದರೂ ಹಿಗ್ಗಿದರೂ ಇಷ್ಟಾಗುವುದಿಲ್ಲ. ಎವರೆಸ್ಟ್ ಡೇಟಮ್ಮಿನ (ಭೂಮಿಯ ಆಕಾರಕ್ಕೆ ಆಗ ಹಿಡಿದ ಲೆಕ್ಕದ) ವ್ಯತ್ಯಾಸವೂ ಅಲ್ಲ, ಅದು ಇಲ್ಲಿ ನೂರಿನ್ನೂರು ಮೀಟರಿನ ಮಾತು.

ಈ ಹಂತದಲ್ಲಿ ಎಲ್ಲರಿಗೂ ಬರುವ ಆಸೆ ಥಿನ್ ಪ್ಲೇಟ್ ಸ್ಪ್ಲೈನ್, ನಕ್ಷೆಯನ್ನು ರಬ್ಬರಿನ ಹಾಗೆ ಎಳೆದು ಕೂರಿಸುವ ವಿಧಾನ. ಊರೂರಿಗೂ ಒಂದು ಪಾಯಿಂಟ್ ಹೊಡೆದು ಎಳೆದುಬಿಟ್ಟರೆ ಎಲ್ಲ ಕೂತ ಹಾಗೆ ಕಾಣುತ್ತದೆ. ಆದರೆ ಅಳಿವೆ ಎಷ್ಟು ಸರಿದಿದೆ ಅಂತ ಅಳೆಯಬೇಕಾದವನು ಅಳಿವೆಯನ್ನೇ ಎಳೆದು ಕೂರಿಸಿದರೆ ಇನ್ನೇನು ಉಳಿಯಿತು? ನೇತ್ರಾವತಿ, ಗುರುಪುರ ನದಿಗಳು ಸಮುದ್ರ ಸೇರುವ ಕಡೆ ಇರುವುದೆಲ್ಲ ಮರಳು. ಅಲ್ಲಿನ ಮರಳಿನ ನಾಲಿಗೆ ಬೆಂಗ್ರೆಯ ತುದಿಯನ್ನು ನಂಬಿ ಪಾಯಿಂಟ್ ಇಡುವವರಿಗೆ ದೇವರೇ ಗತಿ.

ಹಾಗಾಗಿ ಕದಲದ ವಸ್ತುಗಳನ್ನೇ ಹಿಡಿದೆ. ನೇತ್ರಾಣಿ ದ್ವೀಪ, ಮಲ್ಪೆ ಎದುರಿನ ಸೇಂಟ್ ಮೇರೀಸ್ ಬಂಡೆಗಳು, ಕೊಡಚಾದ್ರಿ, ಕುದುರೆಮುಖ. ಕುದುರೆಮುಖ ಹಿಂದಿನ ನಾವಿಕರಿಗೂ ಸಮುದ್ರದಿಂದ ಕಾಣುವ ಗುರುತಾಗಿತ್ತು, ನನಗೂ ಆಗಲಿ ಅಂತ. ಇವುಗಳ ರೆಸಿಡ್ಯುಯಲ್ ಬಾಣಗಳನ್ನು ಮೇಲೆ ಬಿಡಿಸಿದಾಗ ಗುಟ್ಟು ಹೊರಗೆ ಬಂತು. ಎಲ್ಲ ಬಾಣಗಳೂ ಒಂದೇ ಉದ್ದ, ಒಂದೇ ದಿಕ್ಕು. ಅಕ್ಷಾಂಶ ಸರಿಯಾಗಿಯೇ ಇದೆ, ತಪ್ಪಿರುವುದು ರೇಖಾಂಶ ಮಾತ್ರ. ಸುಮಾರು ಎರಡೂವರೆ ನಿಮಿಷ (ಗಡಿಯಾರದ್ದಲ್ಲ, ಕೋನದ ನಿಮಿಷ: ಒಂದು ಡಿಗ್ರಿಯಲ್ಲಿ ಅರವತ್ತು).

ಎರಡೂವರೆ ನಿಮಿಷ ಅಂದ ಕೂಡಲೇ ನಿಮ್ಮಲ್ಲಿ ಕೆಲವರು ನಕ್ಕಿರಬಹುದು. ಹೌದು, ಮದ್ರಾಸ್!

ಸರ್ವೇಯವರು ತ್ರಿಕೋನಗಳನ್ನು ಹೆಣೆಯುತ್ತಾ ಹೋದದ್ದು ಮದ್ರಾಸ್ ವೀಕ್ಷಣಾಲಯದ ರೇಖಾಂಶವನ್ನು ನಂಬಿ. ಅಕ್ಷಾಂಶ ಸುಲಭ, ನಕ್ಷತ್ರದ ಎತ್ತರ ಅಳೆದರೆ ಸಿಕ್ಕಿತು. ರೇಖಾಂಶಕ್ಕೆ ಗ್ರೀನಿಚ್ಚಿನಲ್ಲಿ ಈಗ ಗಂಟೆ ಎಷ್ಟು ಅಂತ ಗೊತ್ತಿರಬೇಕು. ತಂತಿ ಇಲ್ಲದ ಕಾಲದಲ್ಲಿ ಗುರುಗ್ರಹದ ಚಂದ್ರರಿಗೆ ಗ್ರಹಣ ಹಿಡಿಯುವ ಹೊತ್ತನ್ನು ನೋಡಿ ಲೆಕ್ಕ ಹಾಕುತ್ತಿದ್ದರು. ಆಮೇಲೆ 19ನೇ ಶತಮಾನದ ಕೊನೆಗೆ ತಂತಿ ಸಂಕೇತದಿಂದ ಅಳೆದಾಗ ಹಳೆಯ ಲೆಕ್ಕ ಜಾಸ್ತಿಯಾಗಿತ್ತು ಅಂತ ಖಚಿತವಾಯಿತು. ತಿದ್ದುಪಡಿ ಸುಮಾರು 2 ನಿಮಿಷ 27 ಸೆಕೆಂಡು. ಗಡಿಯಾರದ ಲೆಕ್ಕದಲ್ಲಿ ಹತ್ತು ಸೆಕೆಂಡೂ ಇಲ್ಲ. ನಮ್ಮ ಅಕ್ಷಾಂಶದಲ್ಲಿ ಅಷ್ಟಕ್ಕೇ ನೆಲದ ಮೇಲೆ 4.4 ಕಿಲೋಮೀಟರ್!

ಹಾಗಂತ ಅವರನ್ನು ಬೈಯುವ ಹಾಗಿಲ್ಲ. ಈ ಸರ್ವೇ ಶುರು ಮಾಡಿದ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ತಿರ ಸರಪಳಿ ಎಳೆದು ಶುರು ಮಾಡಿ, ಮದ್ರಾಸಿನಿಂದ ಮಂಗಳೂರಿಗೆ 400 ಮೈಲಿ ಅಂದುಕೊಂಡಿದ್ದದ್ದು 360 ಮಾತ್ರ ಅಂತ ತೋರಿಸಿದವರು. ಊರಿಂದೂರಿನ ದೂರ ಈ ಹಾಳೆಯಲ್ಲಿ ಚೊಕ್ಕವಾಗಿದೆ. ಇಡೀ ಬಲೆಯನ್ನು ಕಟ್ಟಿದ ಗೂಟವೇ ಸ್ವಲ್ಪ ಪಕ್ಕಕ್ಕಿತ್ತು, ಅಷ್ಟೇ.

ಇಷ್ಟೆಲ್ಲ ಪತ್ತೇದಾರಿಕೆ ಬೇಕೇ ಇರಲಿಲ್ಲ. ಮದ್ರಾಸಿನ ರೇಖಾಂಶ ಎಷ್ಟು ಅಂತ ಹಿಡಿದಿದ್ದೇವೆ ಅನ್ನುವುದು ಹಾಳೆಯ ಅಂಚಿನಲ್ಲೇ ಸಣ್ಣಕ್ಷರದಲ್ಲಿ ಅಚ್ಚಾಗಿತ್ತು! ನನ್ನ ಸ್ಕ್ಯಾನಿನಲ್ಲಿ ಆ ಅಂಚೇ ಇಲ್ಲ. "ಕೊಳೆ ಇತ್ತು ಸಾರ್, ನೀಟಾಗಿ ಕಾಣ್ಲಿ ಅಂತ ಕಟ್ ಮಾಡಿದ್ವಿ" ಅಂದರು ಸ್ಕ್ಯಾನ್ ಮಾಡಿದ ಅಂಗಡಿಯವರು. ಅದರ ಮೇಲೆ ಗುಣಮಟ್ಟ ಕುಂದದ ಟಿಫ್ ಫೈಲ್ ಕೇಳಿದ್ದಕ್ಕೆ ಕುಗ್ಗಿಸಿದ ಜೆಪೆಗ್ ಕೊಟ್ಟು, ಹೆಸರಿನ ಬಾಲ ಮಾತ್ರ ಬದಲಾಯಿಸಿದ್ದರು. ಮೂಲ ಹಾಳೆ ಇರುವವರು ಅಂಚಿನ ಫೋಟೋ ತೆಗೆದು ಕಳಿಸಿದ ಮೇಲೇ ಇದೆಲ್ಲ ಖಾತ್ರಿಯಾಗಿದ್ದು.

ಪರಿಹಾರ ನೋಡಿದರೆ ನಗು ಬರುತ್ತದೆ. ಪಾಯಿಂಟ್ಸ್ ಫೈಲನ್ನು ಸ್ಪ್ರೆಡ್‌ಶೀಟಿನಲ್ಲಿ ತೆರೆದು, ರೇಖಾಂಶದ ಕಾಲಮ್ಮಿನಿಂದ 0.0409 ಡಿಗ್ರಿ ಕಳೆದು, ಮತ್ತೆ ಲೋಡ್ ಮಾಡಿದೆ. ನೇರ ಗೆರೆಗಳನ್ನು ಬಗ್ಗಿಸದ ಸರಳ ವಿಧಾನ, ಫಸ್ಟ್ ಆರ್ಡರ್ ಪಾಲಿನಾಮಿಯಲ್, ಸಾಕಾಯಿತು. ನೇತ್ರಾಣಿ ನೇತ್ರಾಣಿಯ ಮೇಲೆ, ಕುದುರೆಮುಖ ಕುದುರೆಮುಖದ ಮೇಲೆ.

ಅಂದ ಹಾಗೆ, ಮುಂದಿನದು ಈಗಲೇ ತಲೆ ತಿನ್ನುತ್ತಿದೆ. 1635ರ ಸುಮಾರಿಗೆ ಪೋರ್ಚುಗೀಸರು ತಮ್ಮ ಕೋಟೆಗಳನ್ನೆಲ್ಲ ಬಣ್ಣದಲ್ಲಿ ಬರೆಸಿದ ಚಿತ್ರನಕ್ಷೆಗಳಿವೆ, ಹೊನ್ನಾವರ, ಬಸ್ರೂರು, ಮಂಗಳೂರು ಮೂರೂ ಅದರಲ್ಲಿವೆ. ಹಕ್ಕಿ ಮೇಲಿಂದ ಓರೆಯಾಗಿ ನೋಡಿದ ನೋಟ. ಅಳತೆಗೋಲು ನಂಬುವ ಹಾಗಿಲ್ಲ. ಇದಕ್ಕೆ ಜಿಯೋರೆಫರೆನ್ಸರ್ (ನಕ್ಷೆ ಕೂರಿಸುವ ಸಾಧನ) ತೆರೆಯುವುದೇ ದಂಡ. ನದಿಯ ತಿರುವು, ಗೋಡೆಯ ಮೂಲೆ ಹಿಡಿದು ಕೈಯಲ್ಲೇ ಬಿಡಿಸಬೇಕೇನೋ. ಬಸ್ರೂರಿನಿಂದ ಶುರು ಮಾಡೋಣ ಅಂತಿದ್ದೇನೆ. ಸಮುದ್ರದಿಂದ ಒಳಗಿರುವ ಊರು, ಅಲೆಯ ಹೊಡೆತ ಕಡಿಮೆ ಅಲ್ವಾ.

ಅದಕ್ಕೂ ಮೊದಲು ಇಲ್ಲಿ ಒಂದು ತಂಟೆ ಬಾಕಿ ಇದೆ. ಮಡಚಲು ಸುಲಭವಾಗಲಿ ಅಂತ ಹಾಳೆಯನ್ನು ತುಂಡು ಮಾಡಿ ಬಟ್ಟೆಗೆ ಅಂಟಿಸಿದ್ದಾರೆ. ತುಂಡುಗಳ ನಡುವೆ ಸಂದು. ಈ ಅಳತೆಯಲ್ಲಿ ಒಂದು ಮಿಲಿಮೀಟರ್ ಸಂದು ಅಂದರೆ 250 ಮೀಟರ್, ಹೊನ್ನಾವರದ ಅಳಿವೆ ಸರಿಯಾಗಿ ಒಂದು ಸಂದಿನಲ್ಲೇ ಕೂತಿದೆ. ಪ್ರತಿ ತುಂಡನ್ನೂ ಬೇರೆ ಮಾಡಿ, ಒಂದೊಂದಕ್ಕೂ ಕನಿಷ್ಠ ಮೂರು ಪಾಯಿಂಟ್ ಕೊಟ್ಟು ಕೂರಿಸಬೇಕು. ಅಂಚು ಸಮೇತ ಇನ್ನೊಮ್ಮೆ ಸ್ಕ್ಯಾನ್ ಮಾಡಿಕೊಡಲು ಅಂಗಡಿಯವರು ಒಪ್ಪಿದ್ದಾರೆ. ದುಡ್ಡು ಮಾತ್ರ ಪೂರ್ತಿ ಕೊಡಬೇಕಂತೆ.