ರಾತ್ರಿ ಹತ್ತರಿಂದ ಬೆಳಿಗ್ಗೆ ಆರು

"ನಾಳಿದ್ದು ಡಿಸ್ಚಾರ್ಜ್. ಮುಂದೆ ನರ್ಸಿಂಗ್ ಕೇರ್ ಬೇಕಾಗುತ್ತೆ" ಎಂದು ಡಾಕ್ಟರು ರೌಂಡ್ಸಿನಲ್ಲಿ ಹೇಳಿ ಮುಂದಿನ ಮಂಚಕ್ಕೆ ಹೋಗುತ್ತಾರೆ. ಮುಂಬಯಿಯ ಮಾಟುಂಗಾದಲ್ಲೋ ಅದರಾಚೆಯ ಡೊಂಬಿವಲಿಯಲ್ಲೋ ಇರುವ ಮಕ್ಕಳ ಕೈಯಲ್ಲಿ ಉಳಿಯುವುದು ಒಂದೂವರೆ ದಿನ. ತಂದೆಗೆ ಎಡಭಾಗ ಬಿದ್ದಿದೆ, ಮೂಗಿನಲ್ಲಿ ಆಹಾರ ಕೊಡುವ ರೈಲ್ಸ್ ಟ್ಯೂಬ್, ಮೂತ್ರಕ್ಕೆ ಕ್ಯಾಥೆಟರ್. ಮನೆ ಲಿಫ್ಟಿಲ್ಲದ ಕಟ್ಟಡದ ಮೂರನೇ ಮಾಳಿಗೆಯಲ್ಲಿ. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಲೋಕಲ್ ರೈಲು ಹಿಡಿಯುವವರು. ಆ ಒಂದೂವರೆ ದಿನದಲ್ಲಿ ಕೇಳಿಬರುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: ವೃದ್ಧಾಶ್ರಮವೋ, ನರ್ಸಿಂಗ್ ಹೋಮೋ?

ಮುಂಬಯಿಯಲ್ಲಿ ನರ್ಸಿಂಗ್ ಹೋಮ್ ಎಂಬ ಬೋರ್ಡು ಇದ್ದರೆ ಅದು ಚಿಕ್ಕ ಆಸ್ಪತ್ರೆ. 1949ರ ನರ್ಸಿಂಗ್ ಹೋಮ್ ನೋಂದಣಿ ಕಾಯ್ದೆಯಡಿ ಪಾಲಿಕೆಯಲ್ಲಿ ನೋಂದಾಯಿಸಿಕೊಂಡು, ದಿನದ ಲೆಕ್ಕದಲ್ಲಿ ಬಿಲ್ ಮಾಡಿ, ಗುಣವಾದ ಮೇಲೆ ಮನೆಗೆ ಕಳಿಸುವ ಜಾಗ. ತಿಂಗಳುಗಟ್ಟಲೆ ವಾಸಕ್ಕೆ ಅಲ್ಲ. ಬ್ರಿಟನ್ನಿನಲ್ಲಿರುವ ಮಗಳು ಫೋನಿನಲ್ಲಿ "ನರ್ಸಿಂಗ್ ಹೋಮಿಗೆ ಹಾಕಿ" ಎಂದರೆ ಅವಳ ಮನಸ್ಸಿನಲ್ಲಿರುವುದು ಹಗಲೂ ರಾತ್ರಿ ನರ್ಸ್ ಇರುವ ವಾಸದ ಮನೆ. ಆ ಬಗೆಯದು ಇಲ್ಲಿ ಅಸಿಸ್ಟೆಡ್ ಲಿವಿಂಗ್, ಎಲ್ಡರ್ ಕೇರ್, ಪೇಷಂಟ್ ಕೇರ್ ಸೆಂಟರ್ ಎಂಬ ಹೆಸರಿನಲ್ಲಿ ಸಿಗುತ್ತದೆ. ಇನ್ನು ಟ್ರಸ್ಟ್‌ಗಳು ನಡೆಸುವ ಹಳೆಯ ವೃದ್ಧಾಶ್ರಮಗಳಲ್ಲಿ ಬಹಳಷ್ಟು, ತಮ್ಮ ಕೆಲಸ ತಾವೇ ಮಾಡಿಕೊಳ್ಳಬಲ್ಲವರನ್ನು ಮಾತ್ರ ತೆಗೆದುಕೊಳ್ಳುತ್ತವೆ. ಸೇರಿದ ಮೇಲೆ ಹಾಸಿಗೆ ಹಿಡಿದರೆ ಏನು ಎಂಬುದು ಅರ್ಜಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ: ಮನೆಯವರು ವಾಪಸು ಕರೆದೊಯ್ಯಬೇಕು.

ಹಾಗಾಗಿ ಬೋರ್ಡಿನಿಂದ ಶುರು ಮಾಡಬೇಡಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಈ ಮನುಷ್ಯನಿಗೆ ಏನೇನು ಆಗಬೇಕು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಹಗಲು ಎಲ್ಲ ಕಡೆ ಜನ ಇರುತ್ತಾರೆ. ಮ್ಯಾನೇಜರ್, ಫಿಸಿಯೋ, ಅಡುಗೆಯವರು, ಭೇಟಿಗೆ ಬಂದ ನೆಂಟರು. ಜಾಗದ ನಿಜವಾದ ತೂಕ ಗೊತ್ತಾಗುವುದು ರಾತ್ರಿಯ ಸಿಬ್ಬಂದಿಯಲ್ಲಿ.

ಹಾಳೆಯಲ್ಲಿ ಎದ್ದು ಬಾತ್‌ರೂಮಿಗೆ ಕೈಹಿಡಿದು ಹೋಗುವುದು, ಡೈಪರ್, ನೀರು, ಮಾತ್ರೆ ಇಷ್ಟೇ ಇದ್ದರೆ ಅನುಭವಿ ಮಾವಶಿ ಅಥವಾ ಮಾಮಾ (ಇಲ್ಲಿ ಆರೈಕೆಯ ಅಟೆಂಡೆಂಟ್‌ಗಳನ್ನು ಕರೆಯುವುದು ಹೀಗೆ) ಸಾಕು. ಸಾದಾ ಕೇರ್ ಹೋಮ್ ನಡೆಯುತ್ತದೆ. ಕಫ ಎಳೆಯುವ ಸಕ್ಷನ್, ಇಂಜೆಕ್ಷನ್, ಆಳವಾದ ಹುಣ್ಣಿನ ಡ್ರೆಸ್ಸಿಂಗ್, ಆಕ್ಸಿಜನ್ ಏರಿಳಿತ ಇದ್ದರೆ ನರ್ಸ್ ಬೇಕು. ನರ್ಸ್ ಎಂದರೆ ಎಎನ್‌ಎಂ, ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್ ಕೋರ್ಸ್ ಓದಿ ಮಹಾರಾಷ್ಟ್ರ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ಇರುವವರು. ಆರೈಕೆಗೆ ಜನ ಕಳಿಸುವ ಬ್ಯೂರೋದಿಂದ ಬಂದ ಬಿಳಿ ಕೋಟಿನ ಹುಡುಗಿ "ಸಿಸ್ಟರ್" ಎಂದು ಕರೆಸಿಕೊಂಡ ಮಾತ್ರಕ್ಕೆ ನರ್ಸ್ ಅಲ್ಲ. ರೈಲ್ಸ್ ಟ್ಯೂಬ್ ನಡುವಿನ ವಿಷಯ. ಅದರ ಮೂಲಕ ಆಹಾರ ಕೊಡುವುದನ್ನು ತರಬೇತಿ ಪಡೆದ ಅಟೆಂಡೆಂಟ್ ಮಾಡಬಹುದು. ಆದರೆ ರಾತ್ರಿ ಎರಡಕ್ಕೆ ಅಪ್ಪ ಟ್ಯೂಬ್ ಕಿತ್ತುಕೊಂಡರೆ (ಕಿತ್ತುಕೊಳ್ಳುತ್ತಾರೆ, ಸಂದೇಹ ಬೇಡ) ಮತ್ತೆ ಹಾಕುವುದು ಅಟೆಂಡೆಂಟ್ ಕೆಲಸವಲ್ಲ. "ಆಗ ಏನು ಮಾಡುತ್ತೀರಿ?" ಎಂದು ಕೇಳಿ. "ಬೆಳಿಗ್ಗೆ ಸಿಸ್ಟರ್ ಬಂದು ಹಾಕುತ್ತಾರೆ" ಎಂಬ ಉತ್ತರ ಕೆಲವರ ಮಟ್ಟಿಗೆ ಒಪ್ಪಬಹುದಾದದ್ದೇ. ಇನ್ಸುಲಿನ್ ತೆಗೆದುಕೊಳ್ಳುವ ಸಕ್ಕರೆ ಕಾಯಿಲೆಯವರಿಗೆ ಒಪ್ಪಲಾಗದು. ಇನ್ಸುಲಿನ್ ಒಳಗೆ ಹೋಗಿದ್ದು ಆಹಾರ ನಿಂತರೆ ಸಕ್ಕರೆ ಕುಸಿಯುತ್ತದೆ.

ಜಾಗ ನೋಡಲು ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಹೋಗುವುದು ರೂಢಿ. ಅದು ಅವರ ಶೋರೂಮ್ ಹೊತ್ತು. ವಾರದ ದಿನ ಸಂಜೆ ಏಳಕ್ಕೆ ಹೋಗಿ, ಎಂಟರ ಶಿಫ್ಟ್ ಬದಲಾವಣೆ ಮುಗಿಯುವವರೆಗೆ ಕುಳಿತಿರಿ. ಹೊರಡುವ ನರ್ಸ್ ಬರುವ ನರ್ಸಿಗೆ ಮಂಚದ ಪಕ್ಕ ನಿಂತು ವಿಷಯ ಒಪ್ಪಿಸುತ್ತಾರೋ, ಗೇಟಿನಲ್ಲಿ ಕೀ ಕೊಟ್ಟು ಹೋಗುತ್ತಾರೋ ನೋಡಿ.

ಔಷಧಿ ಚಾರ್ಟ್ ಕೇಳಿ. ಏಳೂಕಾಲಿಗೆ ನೋಡುವಾಗ ರಾತ್ರಿ ಒಂಬತ್ತರ ಗುಳಿಗೆಯ ಮುಂದೆ ಆಗಲೇ ಟಿಕ್ ಬಿದ್ದಿದ್ದರೆ ಉಳಿದ ಚಾರ್ಟ್ ಓದಬೇಕಾಗಿಲ್ಲ. ಮಗ್ಗುಲು ಬದಲಿಸಿದ ಚಾರ್ಟಿನಲ್ಲಿ ಇಡೀ ವಾರದ ಸಹಿ ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ ಇದ್ದರೂ ಅಷ್ಟೇ. ಫ್ರಿಜ್ ತೆರೆಸಿ ನೋಡಿ: ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಕೊತ್ತಂಬರಿ ಕಟ್ಟಿನ ಕೆಳಗೆ ಫ್ರೀಜರಿಗೆ ಅಂಟಿಕೊಂಡು ಅಲ್ಲ. ಪಾರ್ಕಿನ್ಸನ್ ಇದ್ದವರ ಮಕ್ಕಳು ಇನ್ನೊಂದು ಕೇಳಬೇಕು. ಹೋಮಿನ ಗುಳಿಗೆ ಹೊತ್ತು ಎಂಟು, ಎರಡು, ಒಂಬತ್ತು ಎಂದು ಇರುತ್ತದೆ. ಪಾರ್ಕಿನ್ಸನ್ನಿನ ಗುಳಿಗೆ ಲೆವೊಡೋಪಾ ಬೇಕಾಗುವುದು ಏಳು, ಹನ್ನೊಂದು, ಮೂರು, ಏಳಕ್ಕೆ ಎಂದು ಇರಬಹುದು. ಒಬ್ಬರಿಗಾಗಿ ಬೇರೆ ಹೊತ್ತು ಪಾಲಿಸುವಷ್ಟು ಜನ ಇಲ್ಲದಿದ್ದರೆ ಅಪ್ಪ ಮಧ್ಯಾಹ್ನದ ಹೊತ್ತಿಗೆ ಮರಗಟ್ಟಿ ಕೂರುತ್ತಾರೆ. ಅದನ್ನೇ ಕಾಯಿಲೆ ಹೆಚ್ಚಾಯಿತು ಎಂದು ಬರೆಯುತ್ತಾರೆ.

ಈಗ ರಾತ್ರಿಯ ಲೆಕ್ಕ. ಒಂದು ಮಹಡಿಯಲ್ಲಿ ಹಾಸಿಗೆ ಹಿಡಿದವರು ಹನ್ನೆರಡು ಮಂದಿ, ರಾತ್ರಿಗೆ ಇಬ್ಬರು ಸಿಬ್ಬಂದಿ ಎಂದು ಇಟ್ಟುಕೊಳ್ಳಿ. ಒತ್ತಡದ ಹುಣ್ಣು ಆಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಒಬ್ಬರನ್ನು ಚರ್ಮ ಎಳೆಯದಂತೆ ಎತ್ತಿ ತಿರುಗಿಸಲು ಇಬ್ಬರೂ ಬೇಕು. ಡೈಪರ್ ನೋಡಿ, ಬೇಕಿದ್ದರೆ ಬದಲಿಸಿ, ಮೊಣಕಾಲ ನಡುವೆ ದಿಂಬು ಇಟ್ಟು ಬರಲು ಹತ್ತು ನಿಮಿಷ. ಹನ್ನೆರಡು ಮಂದಿಗೆ ಎರಡು ಗಂಟೆ. ಒಂದು ಸುತ್ತು ಮುಗಿಯುವಾಗ ಮುಂದಿನ ಸುತ್ತಿನ ಹೊತ್ತು ಬಂದಿರುತ್ತದೆ. ಇಬ್ಬರಿಗೂ ಕೂರಲು ಬಿಡುವಿಲ್ಲ. ಅದೇ ಇಬ್ಬರಿಗೆ ಇಪ್ಪತ್ತು ಮಂದಿ ಆದರೆ ಒಂದು ಸುತ್ತಿಗೆ 3 ಗಂಟೆ 20 ನಿಮಿಷ. ಅಲ್ಲಿಗೆ ಎರಡು ಗಂಟೆಯ ನಿಯಮ ಚಾರ್ಟಿನಲ್ಲಿ ಮಾತ್ರ ಉಳಿಯಿತು. ಇದರಲ್ಲಿ ಯಾರ ಕೆಟ್ಟತನವೂ ಇಲ್ಲ, ಗಡಿಯಾರದ ಮಿತಿ ಅಷ್ಟೇ. ಗಾಳಿಹಾಸಿಗೆ ಇದ್ದರೆ ಒತ್ತಡ ತಗ್ಗುತ್ತದೆ, ತಿರುಗಿಸುವ ಕೆಲಸ ತಪ್ಪುವುದಿಲ್ಲ. "ಎಷ್ಟು ಸಿಬ್ಬಂದಿ ಇದ್ದಾರೆ?" ಎಂದು ಕೇಳಿದರೆ ಹಗಲು ರಾತ್ರಿ ಸೇರಿಸಿ ದೊಡ್ಡ ಅಂಕಿ ಹೇಳುತ್ತಾರೆ. "ನಿನ್ನೆ ರಾತ್ರಿ ಈ ಮಹಡಿಯಲ್ಲಿ ಯಾರ್ಯಾರು ಇದ್ದರು?" ಎಂದು ಕೇಳಿ.

ಒತ್ತಡದ ಹುಣ್ಣು ಬೆನ್ನಿನ ತುದಿಯ ಎಲುಬು, ಹಿಮ್ಮಡಿ, ಸೊಂಟದ ಪಕ್ಕದ ಮೂಳೆ, ಈ ಮೂರು ಕಡೆ ಮೊದಲು ಕಾಣಿಸಿಕೊಳ್ಳುತ್ತದೆ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಡಿ. ಬೆಳ್ಳಗಾಗಿ ಮತ್ತೆ ಕೆಂಪಾದರೆ ರಕ್ತ ಓಡಾಡುತ್ತಿದೆ. ಒತ್ತಿದರೂ ಬಣ್ಣ ಬದಲಾಗದಿದ್ದರೆ ಒಳಗೆ ಹಾನಿ ಶುರುವಾಗಿದೆ. ನಮ್ಮ ಕಪ್ಪು ಚರ್ಮದಲ್ಲಿ ಎಷ್ಟೋ ಸಲ ಕೆಂಪು ಕಾಣುವುದಿಲ್ಲ. ಸುತ್ತಲಿಗಿಂತ ಕಡುವಾಗಿ, ಮುಟ್ಟಿದರೆ ಬಿಸಿಯಾಗಿ ಅಥವಾ ಗಟ್ಟಿಯಾಗಿ ಇರುತ್ತದೆ. ಡಿಸ್ಚಾರ್ಜ್ ದಿನ ಆಸ್ಪತ್ರೆಯಲ್ಲೇ ಈ ಜಾಗಗಳನ್ನು ನೋಡಿ ದಿನಾಂಕ ಸಮೇತ ಫೋಟೊ ತೆಗೆದಿಡಿ, ಹೋಮಿನವರು ಸೇರಿಸಿಕೊಳ್ಳುವಾಗ ಅವರಿಂದಲೂ ಬರೆಸಿ. ಹುಣ್ಣು ಆಸ್ಪತ್ರೆಯದೋ ಹೋಮಿನದೋ ಎಂಬ ಜಗಳ ತಿಂಗಳ ನಂತರ ಯಾರಿಗೂ ಬೇಡ.

ಸಾಗಿಸುವ ದಿನವೇ ಆಗುವ ಒಂದು ಅನಾಹುತ ಇದೆ. ಸ್ಟ್ರೆಚರ್‌ಗೆ ಎತ್ತುವಾಗ ಮೂತ್ರದ ಚೀಲವನ್ನು ಹೊಟ್ಟೆಯ ಮೇಲೆ ಇಟ್ಟುಬಿಡುತ್ತಾರೆ. ಚೀಲ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಬೇಕು, ಇಲ್ಲದಿದ್ದರೆ ಚೀಲದಲ್ಲಿದ್ದದ್ದು ಹಿಂದಕ್ಕೆ ಹರಿದು ಸೋಂಕು ತರಬಹುದು. ವಯಸ್ಸಾದವರಲ್ಲಿ ಆ ಸೋಂಕು ಎಷ್ಟೋ ಸಲ ಜ್ವರಕ್ಕಿಂತ ಮೊದಲು ಗೊಂದಲವಾಗಿ ಕಾಣುತ್ತದೆ: ಅಪ್ಪ ಇದ್ದಕ್ಕಿದ್ದಂತೆ ಯಾರನ್ನೂ ಗುರುತಿಸುವುದಿಲ್ಲ, ರಾತ್ರಿ ಕೂಗುತ್ತಾರೆ. ಹೊಸ ಜಾಗ ಒಗ್ಗಲಿಲ್ಲ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಮೂತ್ರ ಪರೀಕ್ಷೆ ಮೊದಲು ಮಾಡಿಸಿ. ಟ್ಯೂಬ್ ಆಹಾರಕ್ಕೂ ಇಂಥದ್ದೇ ಕಟ್ಟುನಿಟ್ಟು: ಸುಮಾರು 200 ಮಿಲಿ ನಿಧಾನವಾಗಿ, ಬೆನ್ನು 30ರಿಂದ 45 ಡಿಗ್ರಿ ಎತ್ತಿ, ಕೊಟ್ಟಾದ ಮೇಲೆ ಅರ್ಧ ಗಂಟೆಯಾದರೂ ಹಾಗೆಯೇ. ತಕ್ಷಣ ಮಲಗಿಸಿದರೆ ಮೇಲೆ ಬಂದದ್ದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು.

ನಮ್ಮವರಿಗೆ ಮುಂಬಯಿಯಲ್ಲಿ ಇನ್ನೊಂದು ತೊಡಕು ಉಂಟು. ಐವತ್ತು ವರ್ಷ ಹಿಂದಿ, ಮರಾಠಿಯಲ್ಲಿ ವ್ಯಾಪಾರ ಮಾಡಿದವರೂ ಮರೆವು ಹೆಚ್ಚಾದಾಗ ಕನ್ನಡಕ್ಕೋ ತುಳುವಿಗೋ ಕೊಂಕಣಿಗೋ ಮರಳುತ್ತಾರೆ. ಅಮ್ಮ "ಒಂದಕ್ಕೆ" ಅಂದರೆ ಮಾವಶಿಗೆ ಏನು ಗೊತ್ತು? ಡೈಪರ್ ಇಲ್ಲದೆ ನಿಭಾಯಿಸಬಲ್ಲವರು ಹೀಗೆ ವಾರದಲ್ಲೇ ಡೈಪರ್‌ಗೆ ಬೀಳುತ್ತಾರೆ. ಒಂದಕ್ಕೆ, ಎರಡಕ್ಕೆ, ಬಾಯಾರಿಕೆ, ನೋವು, ಸೆಕೆ, ಸಾಕು, ಇಷ್ಟನ್ನು ದೇವನಾಗರಿಯಲ್ಲಿ ಬರೆದು, ಪಕ್ಕದಲ್ಲಿ ಮರಾಠಿ ಅರ್ಥ ಹಾಕಿ, ಮಂಚದ ತಲೆಯ ಮೇಲೆ ಅಂಟಿಸಿ. "ಸಾಕು" ಬಹಳ ಮುಖ್ಯ. ಅದು ತಿಳಿಯದೆ ತುರುಕಿದ ತುತ್ತು ಗಂಟಲಲ್ಲಿ ನಿಲ್ಲುತ್ತದೆ. ಊಟದ ಮಾತೂ ಆಗಲಿ: ಮೂರು ಹೊತ್ತು ಪೋಳಿ ಭಾಜಿ (ಚಪಾತಿ ಪಲ್ಯ) ಹಲ್ಲಿಲ್ಲದ ಕುಂದಾಪುರದ ಅಜ್ಜಿಗೆ ಆಗದು. ರಾತ್ರಿ ಗಂಜಿ ಮಾಡಿಕೊಡುತ್ತಾರೋ ಕೇಳಿ.

ದುಡ್ಡಿನ ವಿಷಯದಲ್ಲಿ ಮೊದಲು ಒಂದು ಭ್ರಮೆ ಬಿಡಬೇಕು. ಆರೋಗ್ಯ ವಿಮೆ ಇದಕ್ಕೆ ಬರುವುದಿಲ್ಲ. ಸ್ನಾನ, ಬಟ್ಟೆ, ಓಡಾಟಕ್ಕೆ ನೆರವಾಗುವ ಆರೈಕೆಯನ್ನು, ನರ್ಸೇ ಮಾಡಿದರೂ, ಪಾಲಿಸಿಗಳ ಪ್ರಮಾಣಿತ ಹೊರಗಿಡುವಿಕೆಯ ಪಟ್ಟಿಯಲ್ಲಿ ಹೆಸರಿಸಿಯೇ ಹೊರಗಿಟ್ಟಿದ್ದಾರೆ. 70 ತುಂಬಿದವರಿಗೆ 2024ರಲ್ಲಿ ಬಂದ ಆಯುಷ್ಮಾನ್ ಕಾರ್ಡಿನ 5 ಲಕ್ಷವೂ ಆಸ್ಪತ್ರೆ ಚಿಕಿತ್ಸೆಗೇ. ಸರಕಾರ ಅಥವಾ ನೋಂದಾಯಿತ ಧರ್ಮಾರ್ಥ ಸಂಸ್ಥೆ ನಡೆಸುವ ವೃದ್ಧಾಶ್ರಮದಲ್ಲಿ 60 ದಾಟಿದವರಿಗೆ ತಿಂಗಳಿಗೆ 25,000 ರೂಪಾಯಿವರೆಗಿನ ಶುಲ್ಕಕ್ಕೆ ಜಿಎಸ್‌ಟಿ ಇಲ್ಲ. ಕಂಪನಿ ನಡೆಸುವ ಜಾಗವಾದರೆ ತೆರಿಗೆ ಸೇರಿಸಿದ ದರ ಕೇಳಿ. ಹೇಳುವ ದರದಲ್ಲಿ ಡೈಪರ್, ಔಷಧಿ, ಫಿಸಿಯೋ, ಡಾಕ್ಟರ್ ಭೇಟಿ ಸಾಮಾನ್ಯವಾಗಿ ಸೇರಿರುವುದಿಲ್ಲ. ದಿನಕ್ಕೆ ನಾಲ್ಕು ಡೈಪರ್, ಒಂದಕ್ಕೆ 40 ರೂಪಾಯಿ ಹಿಡಿದರೂ ತಿಂಗಳಿಗೆ 4,800 ಆಯಿತು. ಡೈಪರ್ ನೀವೇ ತಂದುಕೊಡುತ್ತೇವೆ ಎನ್ನಿ. ಉಳಿತಾಯದ ಜೊತೆಗೆ, ಪ್ಯಾಕು ಖಾಲಿಯಾಗುವ ವೇಗದಲ್ಲೇ ದಿನಕ್ಕೆ ಎಷ್ಟು ಬದಲಿಸುತ್ತಿದ್ದಾರೆ ಎಂದು ಗೊತ್ತಾಗುತ್ತದೆ.

ಮುಂಬಯಿಯ ಹೊರಗೆ ಕರ್ಜತ್, ಬದ್ಲಾಪುರ, ಪನ್ವೇಲ್ ಕಡೆ ಅದೇ ದುಡ್ಡಿಗೆ ತೋಟ, ಗಾಳಿ, ಬೆಟ್ಟ ಸಿಗುತ್ತದೆ. ನಡೆದಾಡುವವರಿಗೆ ಅದು ಒಳ್ಳೆಯದೇ. ಹಾಸಿಗೆಯಲ್ಲಿರುವವರಿಗೆ ತೋಟ ಕಾಣುವುದಿಲ್ಲ. ಹೊತ್ತು ಹೇಳದೆ ಬಂದು ಹೋಗುವ ಮಗ ಕಾಣುತ್ತಾನೆ. ನಿಮ್ಮ ಆಫೀಸು ಮತ್ತು ಮನೆಯ ನಡುವಿನ ಯಾವುದಾದರೂ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದ ಸಾದಾ ಜಾಗವೇ ನನ್ನ ಲೆಕ್ಕದಲ್ಲಿ ಮೇಲು.

ಸಹಿ ಮಾಡುವ ಮೊದಲು ಕರಾರಿನಲ್ಲಿ ನಾಲ್ಕು ಸಾಲು ಹುಡುಕಿ. ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ ಯಾವ ಆಸ್ಪತ್ರೆ, ಜೊತೆಗೆ ಯಾರು ಹೋಗುತ್ತಾರೆ. ಆಸ್ಪತ್ರೆಯಲ್ಲಿದ್ದ ದಿನಗಳಿಗೂ ಪೂರ್ತಿ ಬಾಡಿಗೆ ಕೊಡಬೇಕೋ. ತಿಂಗಳ ನಡುವೆ ತೀರಿಕೊಂಡರೆ ಠೇವಣಿ ಎಷ್ಟು ದಿನದಲ್ಲಿ ವಾಪಸು. ನಾಲ್ಕನೆಯದನ್ನು ಕೇಳಲು ಎಲ್ಲರೂ ಹಿಂಜರಿಯುತ್ತಾರೆ: ರಾತ್ರಿ ಹೋಮಿನಲ್ಲೇ ಪ್ರಾಣ ಹೋದರೆ ಸಾವಿನ ಕಾರಣದ ಪ್ರಮಾಣಪತ್ರ ಯಾರು ಬರೆಯುತ್ತಾರೆ? ಆಸ್ಪತ್ರೆಯಲ್ಲಾದರೆ ಫಾರ್ಮ್ 4, ಹೊರಗಾದರೆ 4ಎ. ಅದನ್ನು ಬರೆಯಬೇಕಾದ್ದು ಚಿಕಿತ್ಸೆ ಮಾಡುತ್ತಿದ್ದ ಡಾಕ್ಟರು. ವಾರಕ್ಕೊಮ್ಮೆ ಬರುವ ಡಾಕ್ಟರರ ಹೆಸರು, ಅವರು ರಾತ್ರಿ ಫೋನ್ ಎತ್ತುತ್ತಾರೆಯೇ ಎಂಬುದು ಮೊದಲೇ ಗೊತ್ತಿರಲಿ. ಇಲ್ಲದಿದ್ದರೆ ಚಿತಾಗಾರದ ಬಾಗಿಲಲ್ಲಿ ಕಾಗದಕ್ಕಾಗಿ ಅಲೆಯಬೇಕು.

ಪೆನ್ಷನ್ ಇದ್ದವರಾದರೆ ನವೆಂಬರಿನ ಜೀವನ ಪ್ರಮಾಣಪತ್ರ ಫೋನಿನಲ್ಲಿ ಮುಖ ತೋರಿಸಿಯೇ ಆಗುತ್ತದೆ, ಬ್ಯಾಂಕಿಗೆ ಹೊತ್ತೊಯ್ಯಬೇಕಿಲ್ಲ. ಆದರೆ ಒಟಿಪಿ ಬರುವ ಸಿಮ್ ಅಪ್ಪನ ಹಳೇ ಫೋನಿನಲ್ಲಿ, ಆ ಫೋನು ಹೋಮಿನ ಲಾಕರಿನಲ್ಲಿ ಇರುತ್ತದೆ. ಸಿಮ್ಮನ್ನು ಸೇರಿಸುವ ದಿನವೇ ತೆಗೆದು ನಿಮ್ಮ ಬಳಿ ಇಟ್ಟುಕೊಂಡು ರಿಚಾರ್ಜ್ ಮಾಡುತ್ತಿರಿ.