ಎಣ್ಣೆಗಿಂತ ಮೊದಲು ಇಳಿದದ್ದು ನೀರು

ನಾನು ಹಳೆಯ ಗಾರ್ಡನ್ ಟ್ರ್ಯಾಕ್ಟರ್‌ಗಳ, ಅಂದರೆ ತೋಟ, ಅಂಗಳದ ಕೆಲಸದ ಸಣ್ಣ ಟ್ರ್ಯಾಕ್ಟರ್‌ಗಳ, ರಿಪೇರಿ ಮಾಡುತ್ತೇನೆ. 1960, 70ರ ದಶಕದ ಗಾಡಿಗಳು. ವೀಲ್ ಹಾರ್ಸ್, ಕಬ್ ಕೆಡೆಟ್, ಜಾನ್ ಡಿಯರ್ 110, ಇಂಥವು. ಗೇರ್‌ಬಾಕ್ಸ್ ಎಣ್ಣೆ ಬದಲಿಸೋದು ಅರ್ಧ ಗಂಟೆ ಕೆಲಸ ಅಂತ ಬಹಳ ವರ್ಷ ಅಂದುಕೊಂಡಿದ್ದೆ. ಕೆಳಗಿನ ಬೋಲ್ಟ್ ಬಿಚ್ಚು, ಹಳೆಯದು ಇಳಿಸು, ಮೇಲಿನಿಂದ ಹೊಸದು ಹಾಕು. ಅಷ್ಟೇ ಅಲ್ವಾ?

ಒಂದು ವೀಲ್ ಹಾರ್ಸ್ ಗಾಡಿ ನನ್ನ ಆ ಅಭಿಪ್ರಾಯ ಬದಲಿಸಿತು. ಅದರಲ್ಲಿ ಇದ್ದದ್ದು 8 ಸ್ಪೀಡಿನ ಗೇರ್‌ಬಾಕ್ಸ್: ಮುಂದಕ್ಕೆ 6, ಹಿಂದಕ್ಕೆ 2. ಗೇರ್ ಬಿಗಿಯಾಗಿ ಬೀಳುತ್ತಿದೆ ಅಂತ ಗಾಡಿಯವರು ತಂದು ಬಿಟ್ಟರು. ರಾತ್ರಿಯೆಲ್ಲಾ ಶೆಡ್ಡಿನಲ್ಲಿ ನಿಂತಿತ್ತು. ಬೆಳಗ್ಗೆ ಕೆಳಗಿನ ಡ್ರೈನ್ ಬೋಲ್ಟ್ ಸಡಿಲ ಮಾಡಿದೆ. ಮೊದಲು ಬಿದ್ದದ್ದು ಎಣ್ಣೆಯಲ್ಲ, ತಿಳಿ ನೀರು. ಸುಮಾರು ಒಂದು ಲೋಟದಷ್ಟು. ಅದಾದ ಮೇಲೆ ಹಾಲು ಬೆರೆಸಿದ ಕಾಫಿ ಬಣ್ಣದ ಎಣ್ಣೆ, ಮಂದವಾಗಿ, ಎಳೆ ಎಳೆಯಾಗಿ ಇಳಿಯಿತು.

ನೀರು ಎಣ್ಣೆಗಿಂತ ಭಾರ. ಗಾಡಿ ಅಲ್ಲಾಡದೆ ನಿಂತಾಗ ನೀರು ತಳ ಸೇರುತ್ತೆ, ಬೋಲ್ಟ್ ತೆಗೆದಾಗ ಅದೇ ಮೊದಲು ಹೊರಗೆ ಬರುತ್ತೆ. ಇದು ನನಗೆ ಗೊತ್ತಿತ್ತು. ಆದರೆ ಆ ನೀರು ಒಳಗೆ ಹೋಗಿದ್ದು ಎಲ್ಲಿಂದ ಅಂತ ನಾನು ಕೇಳಿಕೊಳ್ಳಲಿಲ್ಲ. ಹೊಸ ಎಣ್ಣೆ ತುಂಬಿದೆ, ಸುಮಾರು ಎರಡು ಲೀಟರ್ ಹಿಡಿಯಿತು. ಗೇರ್ ಸಲೀಸಾಗಿ ಬಿತ್ತು. ಗಾಡಿ ಕಳಿಸಿಕೊಟ್ಟೆ.

ಎರಡು ತಿಂಗಳಲ್ಲಿ ವಾಪಸ್ ಬಂತು. ಎಣ್ಣೆ ಅಳೆಯುವ ಕಡ್ಡಿ, ಡಿಪ್‌ಸ್ಟಿಕ್, ತೆಗೆದು ನೋಡಿದರೆ ಮತ್ತೆ ಅದೇ ಬೆಳ್ಳಗಿನ ಎಣ್ಣೆ. "ಹೊಸ ಎಣ್ಣೆನೇ ಹಾಕಿದ್ರಿ ತಾನೇ?" ಅಂತ ಗಾಡಿಯವರು ಕೇಳಿದರು. ಬೇಜಾರಾಯಿತು. ಅವರ ಮಾತಿಗಲ್ಲ, ಕೇಳಬೇಕಾದ ಪ್ರಶ್ನೆ ನಾನೇ ಮೊದಲು ಕೇಳಿಕೊಳ್ಳಲಿಲ್ಲವಲ್ಲ ಅಂತ.

ಆವತ್ತು ಗಾಡಿಯ ಪಕ್ಕ ನೆಲದಲ್ಲಿ ಕೂತು ನಿಧಾನವಾಗಿ ನೋಡಿದೆ. ಗೇರ್ ಲಿವರ್ ಗೇರ್‌ಬಾಕ್ಸಿನ ಒಳಗೆ ಇಳಿಯುವ ಜಾಗದಲ್ಲಿ ಒಂದು ರಬ್ಬರ್ ಬೂಟ್, ಅಂದರೆ ಆ ಸಂದು ಮುಚ್ಚುವ ರಬ್ಬರ್ ಹೊದಿಕೆ, ಇರುತ್ತೆ. ಮೇಲಿನಿಂದ ನೋಡಿದರೆ ಚೆನ್ನಾಗಿಯೇ ಇತ್ತು. ಲಿವರ್ ಹಿಡಿದು ಪೂರ್ತಿ ಮುಂದಕ್ಕೆ ತಳ್ಳಿದೆ. ಹಿಂದುಗಡೆಯ ಮಡಿಕೆ ಬಿಚ್ಚಿಕೊಂಡಿತು. ಅಲ್ಲಿ ಕಿರುಬೆರಳಿನ ಉಗುರಿನಷ್ಟು ಉದ್ದದ ಸೀಳು. ಅದರ ಅಂಚಿನಲ್ಲಿ ತುಕ್ಕಿನ ಕೆಂಪು ಗೆರೆ, ನೀರು ಹರಿದ ದಾರಿ. ಗಾಡಿ ಬಯಲಲ್ಲಿ ನಿಂತಾಗಲೆಲ್ಲ ಮಳೆ ನೀರು ಲಿವರ್ ಗುಂಟ ಜಾರಿ, ಆ ಮಡಿಕೆಯಲ್ಲಿ ನಿಂತು, ತೊಟ್ಟು ತೊಟ್ಟಾಗಿ ಒಳಗೆ ಇಳಿದಿದೆ. ಹೊಸ ಬೂಟ್ ಹಾಕಿ, ಕ್ಲ್ಯಾಂಪ್ ಬಿಗಿ ಮಾಡಿದೆ. ಗಾಡಿಗೆ ಒಂದು ಹೊದಿಕೆ ಹಾಕಿಡಿ ಅಂತ ಅವರಿಗೂ ಹೇಳಿದೆ.

ಈಗ ಎಣ್ಣೆಯನ್ನು ಎರಡು ಸಲ ಇಳಿಸುತ್ತೇನೆ. ಎಣ್ಣೆ ಬಿಸಿ ಇದ್ದಾಗ ಇಳಿಸಬೇಕು ಅಂತ ಎಲ್ಲರೂ ಹೇಳುತ್ತಾರೆ, ಸರಿಯೇ. ಬಿಸಿ ಎಣ್ಣೆ ತೆಳ್ಳಗೆ ಹರಿಯುತ್ತೆ, ಕೊಳೆಯನ್ನೂ ಜೊತೆಗೆ ತರುತ್ತೆ. ಆದರೆ ಗಾಡಿ ಓಡಿಸಿದ ಕೂಡಲೇ ತಳದ ನೀರೆಲ್ಲ ಎಣ್ಣೆಯಲ್ಲಿ ಕಲಸಿಹೋಗುತ್ತೆ. ಎಷ್ಟು ನೀರಿತ್ತು ಅನ್ನೋದು ಗೊತ್ತೇ ಆಗಲ್ಲ. ಅದಕ್ಕೇ ಗಾಡಿ ಒಂದು ರಾತ್ರಿ ನಿಲ್ಲಲಿ. ಬೆಳಗ್ಗೆ ತಣ್ಣಗಿರುವಾಗ ಡ್ರೈನ್ ಬೋಲ್ಟ್ ಸ್ವಲ್ಪವೇ ಸಡಿಲ ಮಾಡಿ, ಗಾಜಿನ ಬಾಟಲಿಯಲ್ಲಿ ಮೊದಲು ಬಂದದ್ದನ್ನು ಹಿಡಿಯಿರಿ. ನೀರಿದ್ದರೆ ಅದಷ್ಟೂ ಇಳಿದುಹೋಗಲಿ. ಎಣ್ಣೆ ಶುರುವಾದ ಮೇಲೆ ಬೋಲ್ಟ್ ಮತ್ತೆ ಬಿಗಿ ಮಾಡಿ. ಆಮೇಲೆ ಹದಿನೈದು ನಿಮಿಷ ಓಡಿಸಿ ಬಂದು ಪೂರ್ತಿ ಖಾಲಿ ಮಾಡಿ. ತುಂಬಾ ಚಳಿ ಬೀಳುವ ಕಡೆ ಇದನ್ನು ಚಳಿಗಾಲಕ್ಕೆ ಮುಂಚೆ ಮಾಡಿಬಿಡಬೇಕು. ತಳದ ನೀರು ಹೆಪ್ಪುಗಟ್ಟಿದರೆ ಗೇರ್ ಅಲ್ಲೇ ಹಿಡಿದುಕೊಳ್ಳುತ್ತೆ, ಕೇಸಿಂಗ್ ಸೀಳುವುದೂ ಉಂಟು.

ಇನ್ನೊಂದು ವಿಷಯ. ಡ್ರೈನ್ ಬೋಲ್ಟಿಗೆ ಕೈ ಹಾಕುವ ಮೊದಲು, ಎಣ್ಣೆ ತುಂಬುವ ಮೇಲಿನ ಪ್ಲಗ್ ಬಿಚ್ಚುತ್ತಾ ಅಂತ ನೋಡಿ. ಡಿಪ್‌ಸ್ಟಿಕ್ ತೂತಿನಿಂದಲೇ ತುಂಬುವ ಗಾಡಿಗಳಲ್ಲಿ ಈ ಕಷ್ಟ ಇಲ್ಲ. ಉಳಿದವುಗಳಲ್ಲಿ ಆ ಪ್ಲಗ್ ಐವತ್ತು ವರ್ಷ ತುಕ್ಕು ಹಿಡಿದು ಕೂತಿರುತ್ತೆ. ನಾನು ಒಮ್ಮೆ ಎಣ್ಣೆ ಖಾಲಿ ಮಾಡಿದ ಮೇಲೆ ಮೇಲಿನ ಪ್ಲಗ್ಗಿನ ಮೂಲೆಗಳು ಸವೆದು ಸ್ಪ್ಯಾನರ್ ಜಾರಿತು. ಗಾಡಿ ಓಡಿಸುವ ಹಾಗಿಲ್ಲ, ಎಣ್ಣೆ ತುಂಬುವ ಹಾಗಿಲ್ಲ. ಇಡೀ ದಿನ ಹೋಯಿತು.

ಡ್ರೈನ್ ಬೋಲ್ಟಿನ ತುದಿಯಲ್ಲಿ ಮ್ಯಾಗ್ನೆಟ್ ಇದ್ದರೆ ಅದನ್ನು ಸುಮ್ನೆ ಬಟ್ಟೆಯಲ್ಲಿ ಒರೆಸಿಬಿಡಬೇಡಿ. ಅದಕ್ಕೆ ಅಂಟಿದ್ದನ್ನು ಹೆಬ್ಬೆರಳು, ತೋರುಬೆರಳ ನಡುವೆ ತಿಕ್ಕಿ ನೋಡಿ. ಕಾಡಿಗೆಯ ಹಾಗೆ ನುಣ್ಣಗಿದ್ದರೆ ಅದು ದಿನನಿತ್ಯದ ಸವೆತ, ಹೆದರಬೇಡಿ. ಚುಚ್ಚಿದರೆ ಹುಷಾರು, ಗೇರ್ ಹಲ್ಲೋ ಬೇರಿಂಗೋ ಒಡೆಯುತ್ತಿದೆ. ಎಣ್ಣೆಯಲ್ಲಿ ಹಳದಿ ಮಿಂಚು ಕಂಡರೆ ಅದು ಕಂಚು, ಹಿತ್ತಾಳೆಯ ಪುಡಿ. ಅದು ಮ್ಯಾಗ್ನೆಟ್ಟಿಗೆ ಅಂಟುವುದಿಲ್ಲ, ಬೋಗುಣಿಯನ್ನು ಬಿಸಿಲಿಗೆ ಹಿಡಿದೇ ನೋಡಬೇಕು.

ಬಣ್ಣ ಕೆಟ್ಟ ಎಣ್ಣೆ ಒಂದೇ ಸಲಕ್ಕೆ ಪೂರ್ತಿ ಹೊರಗೆ ಬರುವುದಿಲ್ಲ. ಮೂಲೆ ಮೂಲೆಯಲ್ಲಿ ಅಂಟಿಕೊಂಡಿರುತ್ತೆ. ಆ ವೀಲ್ ಹಾರ್ಸ್ ವಾಪಸ್ ಬಂದಾಗ, ಎಣ್ಣೆ ಇಳಿಸಿ ಅದಕ್ಕೆ ಒಂದು ಲೀಟರ್ ಡೀಸೆಲ್ ಹಾಕಿದೆ. ಮುಂದಿನ ಚಕ್ರಗಳಿಗೆ ಮರದ ತುಂಡು ಕೊಟ್ಟು, ಹಿಂದಿನದನ್ನು ಜಾಕ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಚಕ್ರಗಳನ್ನು ಕೈಯಲ್ಲೇ ತಿರುಗಿಸಿ ಖಾಲಿ ಮಾಡಿದೆ. ರಾತ್ರಿಯೆಲ್ಲಾ ಬೋಲ್ಟ್ ತೆಗೆದೇ ಬಿಟ್ಟೆ. ಆಮೇಲೆ ಕಡಿಮೆ ಬೆಲೆಯ ಗೇರ್ ಎಣ್ಣೆ ತುಂಬಿ, ನಾಲ್ಕೈದು ಗಂಟೆ ಓಡಿಸಿ, ಅದನ್ನೂ ಇಳಿಸಿದೆ. ಒಳ್ಳೆ ಎಣ್ಣೆ ಹಾಕಿದ್ದು ಅದಾದ ಮೇಲೆಯೇ.

ಯಾವ ಎಣ್ಣೆ ಅನ್ನೋದರಲ್ಲಿ ಜಾಸ್ತಿ ತಪ್ಪು ನಡೆಯುತ್ತೆ. ಈ ವೀಲ್ ಹಾರ್ಸ್‌ಗೆ ಎಸ್‌ಎಇ 90 ಗೇರ್ ಎಣ್ಣೆ. ಎಸ್‌ಎಇ ಅನ್ನೋದು ಎಣ್ಣೆ ಎಷ್ಟು ಮಂದ ಅನ್ನೋದರ ಅಳತೆ. 90 ಅನ್ನೋ ಸಂಖ್ಯೆ ನೋಡಿ ತುಂಬಾ ಮಂದ ಅಂದುಕೊಳ್ಳಬೇಡಿ. ಗೇರ್ ಎಣ್ಣೆಯ ಲೆಕ್ಕ ಬೇರೆ, ಎಂಜಿನ್ ಎಣ್ಣೆಯ ಲೆಕ್ಕ ಬೇರೆ. ಗೇರ್ ಎಣ್ಣೆ 90 ಅಂದರೆ ಸುಮಾರಾಗಿ ಎಂಜಿನ್ ಎಣ್ಣೆ 40, 50ರಷ್ಟೇ ಮಂದ. ಹಳೆ ಗೇರ್‌ಬಾಕ್ಸ್‌ಗಳಲ್ಲಿ ಕಂಚಿನ ಬುಷ್ (ಶಾಫ್ಟ್ ತಿರುಗುವ ಬಳೆ) ಇರಬಹುದು, ಹಾಗಾಗಿ ನಾನು ಜಿಎಲ್-4 ದರ್ಜೆಯ ಗೇರ್ ಎಣ್ಣೆ ಹಾಕುತ್ತೇನೆ. ಜಿಎಲ್-5ರಲ್ಲಿ ಗಂಧಕದ ಅಂಶ ಹೆಚ್ಚು, ಕೆಲವು ಎಣ್ಣೆಗಳಲ್ಲಿ ಅದು ಬಿಸಿಯಾದಾಗ ಕಂಚನ್ನು ತಿನ್ನುತ್ತೆ. ಕಬ್ ಕೆಡೆಟ್ ಬಂದರೆ ಈ ಮಾತೇ ಇಲ್ಲ, ಅದಕ್ಕೆ ಹೈ-ಟ್ರಾನ್ ಅನ್ನೋ ಹೈಡ್ರಾಲಿಕ್ ಎಣ್ಣೆ. ಗೇರ್ ಬದಲು ಎಣ್ಣೆಯ ಒತ್ತಡದಿಂದ ಓಡುವ ಹೈಡ್ರೋಸ್ಟ್ಯಾಟಿಕ್ ಗಾಡಿಯಲ್ಲಿ ಫಿಲ್ಟರ್ ಬದಲಿಸಬೇಕು, ಗಾಳಿ ಹೊರಗೆ ಹಾಕಬೇಕು. ಅದರ ಕೆಲಸವೇ ಬೇರೆ. ಗಾಡಿಯ ಪುಸ್ತಕ ಸಿಕ್ಕರೆ ಅದರ ಮಾತೇ ಕೊನೆ.

ತುಂಬುವಾಗ ಗಾಡಿ ಸಮತಟ್ಟಾಗಿ ನಿಂತಿರಲಿ. ಗೇರ್‌ಬಾಕ್ಸಿನ ಒಳಗಿನ ಗಾಳಿ ಹೊರಗೆ ಹೋಗುವ ಬ್ರೀದರ್ ತೂತು ಮುಚ್ಚಿದೆಯಾ ನೋಡಿ. ಅದು ಮುಚ್ಚಿದ್ದರೆ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿ, ಆಕ್ಸಲ್ ಹೊರಬರುವ ಕಡೆ ಎಣ್ಣೆ ತಡೆಯುವ ಸೀಲಿನಿಂದ ಎಣ್ಣೆಯನ್ನು ಹೊರಗೆ ತಳ್ಳುತ್ತೆ. ಡ್ರೈನ್ ಬೋಲ್ಟನ್ನು ಕೈಗೆ ಬಿಗಿ ಸಿಕ್ಕ ಮೇಲೆ ಇನ್ನೊಂದಿಷ್ಟು ತಿರುಗಿಸಿದರೆ ಸಾಕು. ಹಳೆಯ ಎಣ್ಣೆಯನ್ನು ಮಾತ್ರ ದಯವಿಟ್ಟು ಮಣ್ಣಿಗೆ ಚೆಲ್ಲಬೇಡಿ. ಡಬ್ಬಿಯಲ್ಲಿ ತುಂಬಿ, ಹಳೆ ಎಣ್ಣೆ ತೆಗೆದುಕೊಳ್ಳುವವರಿಗೆ ಕೊಡಿ.

ಆ ವೀಲ್ ಹಾರ್ಸ್ ಒಂದು ಮಳೆಗಾಲ ಕಳೆದು, ಬೆಲ್ಟ್ ಬದಲಿಸಲು ಮತ್ತೆ ಬಂದಿದೆ. ಗಾಡಿ ಇಳಿಸಿದ ಕೂಡಲೇ ನಾನು ಮಾಡಿದ ಮೊದಲ ಕೆಲಸ ಡಿಪ್‌ಸ್ಟಿಕ್ ಎಳೆದದ್ದು. ಎಣ್ಣೆ ತಿಳಿಯಾಗಿದೆ. ಆದರೆ ಎಡಗಡೆಯ ಆಕ್ಸಲ್ ಸೀಲ್ ಸ್ವಲ್ಪ ಜಿನುಗುತ್ತಿದೆ. ಬಹುಶಃ ಕೊಳೆಯೇ ಇಷ್ಟು ದಿನ ಆ ಸಂದು ಮುಚ್ಚಿತ್ತು. ಸೀಲ್ ಬದಲಿಸಬೇಕಾದರೆ ಚಕ್ರ ಕೂರುವ ಹಬ್ ಬಿಚ್ಚಬೇಕು. ಈ ಗಾಡಿಗಳಲ್ಲಿ ಅದು ಆಕ್ಸಲ್‌ಗೆ ಬಲವಾಗಿ ಹಿಡಿದಿರುತ್ತೆ, ಸುತ್ತಿಗೆಯಲ್ಲಿ ಹೊಡೆದರೆ ಬೀಡು ಕಬ್ಬಿಣ ಒಡೆಯುತ್ತೆ. ಸೆಟ್ ಸ್ಕ್ರೂ ತೆಗೆದು, ಮೂರು ದಿನದಿಂದ ಬೆಳಗ್ಗೆ ಸಂಜೆ ತುಕ್ಕು ಬಿಡಿಸುವ ಎಣ್ಣೆ ಬಿಡುತ್ತಿದ್ದೇನೆ. ನಾಳೆ ಹಬ್ ಎಳೆದು ತೆಗೆಯುವ ಪುಲ್ಲರ್ ಹಾಕಿ ನೋಡಬೇಕು.