ಟ್ರೇಲರಿನ ಬಚ್ಚಲಲ್ಲಿ ನೀರಿನ ಹದ

ಕಳೆದ ಮೇ ತಿಂಗಳಲ್ಲಿ ಅಮ್ಮನನ್ನು ಕರೆದುಕೊಂಡು ಅಮೆರಿಕದ ಯೂಟಾ ರಾಜ್ಯದ ಬ್ರೈಸ್ ಕ್ಯಾನ್ಯನ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿದ್ದಾಗ, ನಮ್ಮ ಟ್ರೇಲರಿನ (ವಾಹನದ ಹಿಂದೆ ಕಟ್ಟಿ ಎಳೆಯುವ ಮನೆಗಾಡಿಯ) ಪುಟ್ಟ ಬಚ್ಚಲಲ್ಲಿ ಅವಳ ಎಡಪಾದದ ಮೇಲೆ ಸುಡುನೀರು ಬಿತ್ತು. ಅವಳು ಕೂಗಲಿಲ್ಲ. ಸ್ನಾನ ಮುಗಿಸಿ, ಸೀರೆ ಉಟ್ಟು, ಹೊರಗೆ ಬಿಸಿಲಿಗೆ ಕುಳಿತು ಕಾಫಿ ಕುಡಿಯುತ್ತಿದ್ದಾಗ ಪಾದ ಕೆಂಪಗಾಗಿರುವುದನ್ನು ಮೊದಲು ನೋಡಿದವಳು ನನ್ನ ಹೆಂಡತಿ. ಅಮ್ಮನಿಗೆ ಸಕ್ಕರೆ ಕಾಯಿಲೆ ಬಂದು 18 ವರ್ಷಗಳಾಗಿವೆ. ಪಾದಗಳಲ್ಲಿ ಸ್ಪರ್ಶ ಮಂದವಾಗಿದೆ ಎಂಬುದು ನಮಗೆ ಗೊತ್ತಿತ್ತು. ಸುಡುವ ನೀರೂ ತಿಳಿಯದಷ್ಟು ಮಂದವಾಗಿದೆ ಎಂಬುದು ಗೊತ್ತಾದದ್ದು ಅಂದೇ.

ಅವಳು ಮಾಡಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆ ಉದ್ಯಾನದೊಳಗಿನ ಕ್ಯಾಂಪ್‌ಗ್ರೌಂಡಿನಲ್ಲಿ ಗಾಡಿಗೆ ವಿದ್ಯುತ್ತಿನ ಅಥವಾ ನೀರಿನ ಸಂಪರ್ಕ ಸಿಗುವುದಿಲ್ಲ. ನಾವು ತುಂಬಿಸಿಕೊಂಡು ಬಂದ ನೀರು ಮುಗಿದರೆ ಮುಗಿಯಿತು. ಆದ್ದರಿಂದ ಮೈ ನೆನೆದ ಮೇಲೆ ಶವರಿನ ಹಿಡಿಯಲ್ಲಿರುವ ಗುಂಡಿಯೊತ್ತಿ ನೀರು ನಿಲ್ಲಿಸಬೇಕು, ಸೋಪು ಹಚ್ಚಿಕೊಂಡು ಮತ್ತೆ ಬಿಡಬೇಕು ಎಂದು ನಾನೇ ಅವಳಿಗೆ ಹೇಳಿಕೊಟ್ಟಿದ್ದೆ. ಹೇಳದೆ ಬಿಟ್ಟದ್ದು ಇಷ್ಟು: ಹಿಡಿಯಲ್ಲಿ ನೀರು ನಿಂತರೂ ಗೋಡೆಯ ಮೇಲಿನ ಎರಡೂ ನಲ್ಲಿಗಳು ತೆರೆದೇ ಇರುತ್ತವೆ, ಹಾಗಾಗಿ ಬಿಸಿನೀರಿನ ಮತ್ತು ತಣ್ಣೀರಿನ ಕೊಳವೆಗಳು ಆ ಜೋಡಣೆಯೊಳಗೆ ಒಂದಕ್ಕೊಂದು ತೆರೆದುಕೊಂಡು ನಿಲ್ಲುತ್ತವೆ, ಯಾವ ಕಡೆ ಒತ್ತಡ ಹೆಚ್ಚೋ ಆ ಕಡೆಯ ನೀರು ಇನ್ನೊಂದರೊಳಕ್ಕೆ ನುಗ್ಗುತ್ತದೆ. ಸೋಪು ಹಚ್ಚುವ ಒಂದೆರಡು ನಿಮಿಷದಲ್ಲಿ ಹೀಟರ್ ಉರಿಯುತ್ತಿದ್ದರೆ ಕಾದ ನೀರು ಹಿಗ್ಗುತ್ತದೆ, ಒತ್ತಡ ಏರುತ್ತದೆ. ಮತ್ತೆ ಗುಂಡಿ ಒತ್ತಿದಾಗ ಬರುವುದು ಮೊದಲು ಹದ ಮಾಡಿಕೊಂಡ ನೀರಲ್ಲ. ಅದರ ಮೇಲೆ, ಯಾರಾದರೂ ಅಡುಗೆಕಟ್ಟೆಯ ತಣ್ಣೀರಿನ ನಲ್ಲಿ ತಿರುಗಿಸಿದರೆ ಹನ್ನೆರಡು ವೋಲ್ಟಿನ ಸಣ್ಣ ಪಂಪಿನ ಒತ್ತಡ ಏರಿಳಿದು ಶವರಿನ ಬಿಸಿಯೂ ಅದರೊಂದಿಗೆ ಏರಿಳಿಯುತ್ತದೆ. ಅಂದು ಅಡುಗೆಕಟ್ಟೆಯಲ್ಲಿ ಲೋಟ ತೊಳೆಯುತ್ತಿದ್ದವನು ನಾನು.

ತೀರ್ಥಹಳ್ಳಿಯ ನಮ್ಮ ಮನೆಯ ಬಚ್ಚಲಲ್ಲಿ ನೀರು ಇದಕ್ಕಿಂತ ಎಷ್ಟೋ ಹೆಚ್ಚು ಕಾಯುತ್ತಿತ್ತು. ಒಲೆಯ ಮೇಲಿನ ತಾಮ್ರದ ಹಂಡೆಯಲ್ಲಿ ಆವಿ ಏಳುತ್ತಿದ್ದರೂ ಮೈ ಸುಟ್ಟುಕೊಂಡವರನ್ನು ನಾನು ಕಂಡಿಲ್ಲ. ಅಲ್ಲಿ ಬೆರಕೆ ನಡೆಯುತ್ತಿದ್ದುದು ಬಕೆಟ್ಟಿನೊಳಗೆ, ಕಣ್ಣೆದುರಿಗೆ, ಕೈ ಅದ್ದಿ ನೋಡಿದ ಮೇಲೆ. ಚೊಂಬಿನಿಂದ ಮೈಗೆ ಬೀಳುವ ಹೊತ್ತಿಗೆ ಹದ ಮಾಡುವ ಕೆಲಸ ಮುಗಿದಿರುತ್ತಿತ್ತು. ಶವರಿನಲ್ಲಿ ಹದ ತಿಳಿಯುವುದು ಮೈಮೇಲೆ ಬಿದ್ದ ನಂತರ. "ಹಂಡೆಯಲ್ಲಾದರೆ ಬೆಂಕಿ ಕಣ್ಣಿಗೆ ಕಾಣುತ್ತಿತ್ತು ಮಾರಾಯ, ಇದರಲ್ಲಿ ಬೆಂಕಿ ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ" ಎಂದು ಅಮ್ಮ ಆ ಸಂಜೆ ಹೇಳಿದಳು. ಗಾಡಿಯ ಹೊರಮೈಯಲ್ಲಿರುವ ಚೌಕಾಕಾರದ ಜಾಲರಿಯ ಹಿಂದೆ ಉರಿಯುವ ಪ್ರೊಪೇನ್ ಜ್ವಾಲೆಯನ್ನು ಅವಳಿಗೆ ತೋರಿಸಿದೆ.

ಮನೆಗೆ ಮರಳಿದ ಮೇಲೆ ಮೊದಲು ಮಾಡಿದ ಕೆಲಸವೆಂದರೆ, ಹೀಟರ್ ಪೂರ್ತಿ ಕಾದು ಅದರ ಜ್ವಾಲೆ ಆರಿದ ನಂತರ ಬಿಸಿನೀರಿನ ನಲ್ಲಿಯನ್ನು ಒಂದು ನಿಮಿಷ ಬಿಟ್ಟು, ಸ್ಟೀಲ್ ಲೋಟದಲ್ಲಿ ಹಿಡಿದು, ಸಕ್ಕರೆ ಪಾಕಕ್ಕೆ ಇಟ್ಟುಕೊಂಡಿದ್ದ ಥರ್ಮಾಮೀಟರ್ ಅದ್ದಿದ್ದು. ಮುಳ್ಳು 143 ಡಿಗ್ರಿ ಫ್ಯಾರನ್‌ಹೀಟಿಗೆ ಬಂದು ನಿಂತಿತು, ಅಂದರೆ ಸುಮಾರು 62 ಡಿಗ್ರಿ ಸೆಲ್ಸಿಯಸ್. 60 ಡಿಗ್ರಿಯ ನೀರು ವಯಸ್ಕರ ಚರ್ಮವನ್ನು ಆಳವಾಗಿ ಸುಡಲು ಐದಾರು ಸೆಕೆಂಡು ಸಾಕು. 54 ಡಿಗ್ರಿಯಾದರೆ ಸುಮಾರು 30 ಸೆಕೆಂಡು. 49 ಡಿಗ್ರಿಯಾದರೆ ಐದು ನಿಮಿಷದಷ್ಟು ಬೇಕು. ಮಕ್ಕಳ ಮತ್ತು ವಯಸ್ಸಾದವರ ತೆಳುಚರ್ಮಕ್ಕೆ ಇನ್ನೂ ಬೇಗ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು ಮನೆಯ ಹೀಟರನ್ನು 120 ಡಿಗ್ರಿ ಫ್ಯಾರನ್‌ಹೀಟಿಗೆ, ಅಂದರೆ 49ಕ್ಕೆ ಇಡಿ ಎನ್ನುವುದು ಇದೇ ಕಾರಣಕ್ಕೆ. ಆದರೆ ಮನೆಯ ಹೀಟರಿನಲ್ಲಿ ತಿರುಗಿಸಲು ಒಂದು ಗುಬಟು ಇರುತ್ತದೆ, ಟ್ರೇಲರಿನ ಸಾಮಾನ್ಯ ಆರು ಗ್ಯಾಲನ್ ಹೀಟರಿನಲ್ಲಿ ಬಹುಮಟ್ಟಿಗೆ ಅದು ಇರುವುದಿಲ್ಲ. ಬಿಸಿಯನ್ನು ನಿಯಂತ್ರಿಸುವ ಥರ್ಮೋಸ್ಟಾಟ್ ಕಾರ್ಖಾನೆಯಲ್ಲೇ 130 ಇಲ್ಲವೇ 140 ಡಿಗ್ರಿ ಫ್ಯಾರನ್‌ಹೀಟಿಗೆ ನಿಗದಿಯಾಗಿ ಬಂದಿರುತ್ತದೆ. ತೊಟ್ಟಿ ಸಣ್ಣದು, ನೀರು ಹೆಚ್ಚು ಬಿಸಿಯಾಗಿದ್ದಷ್ಟೂ ಹೆಚ್ಚು ತಣ್ಣೀರು ಬೆರೆಸಿ ಹೆಚ್ಚು ಹೊತ್ತು ಮೀಯಬಹುದು ಎಂಬುದು ಅದರ ಹಿಂದಿನ ಲೆಕ್ಕ.

ಆ ಲೆಕ್ಕವನ್ನು ನಾನೂ ಬಕೆಟ್ಟಿನ ಅಳತೆಯಲ್ಲಿ ಹಾಕಿ ನೋಡಿದೆ. ಆರು ಗ್ಯಾಲನ್ ಎಂದರೆ 23 ಲೀಟರ್. ತಣ್ಣೀರು 10 ಡಿಗ್ರಿ ಸೆಲ್ಸಿಯಸ್ ಇದ್ದು, ಮೀಯಲು 40 ಡಿಗ್ರಿ ಬೇಕೆಂದಾದರೆ, 60 ಡಿಗ್ರಿಯ ತೊಟ್ಟಿಯಿಂದ 38 ಲೀಟರ್ ಬೆರಕೆ ನೀರು ಸಿಗುತ್ತದೆ, 49 ಡಿಗ್ರಿಯ ತೊಟ್ಟಿಯಿಂದ 30 ಲೀಟರ್. ವ್ಯತ್ಯಾಸ ಅರ್ಧ ಬಕೆಟ್ಟು. ಅರ್ಧ ಬಕೆಟ್ಟು ನೀರಿಗಾಗಿ ಅಮ್ಮನ ಪಾದವನ್ನು ಪಣಕ್ಕಿಡುವುದು ಮೂರ್ಖತನವೆಂದು ಹೇಳಿ ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಬಿಸಿ ತಗ್ಗಿಸುವುದಕ್ಕೂ ಒಂದು ತೊಡಕಿದೆ. ವಾರಗಟ್ಟಲೆ ನಿಂತ ಉಗುರುಬೆಚ್ಚಗಿನ ನೀರು ನ್ಯುಮೋನಿಯ ತರುವ ಲೀಜಿಯೊನೆಲ್ಲ ಎಂಬ ಬ್ಯಾಕ್ಟೀರಿಯಕ್ಕೆ ಹೇಳಿಮಾಡಿಸಿದ ತಾಣ. 20ರಿಂದ 45 ಡಿಗ್ರಿಯವರೆಗೆ ಅದು ಹುಲುಸಾಗಿ ಬೆಳೆಯುತ್ತದೆ, 60ರಲ್ಲಿ ಸಾಯುತ್ತದೆ. ತೊಟ್ಟಿಯಲ್ಲಿ ನೀರು ಬಿಸಿಯಾಗಿಯೇ ಇರಬೇಕು, ನಲ್ಲಿಯಲ್ಲಿ ಮಾತ್ರ ಹದವಾಗಿ ಬರಬೇಕು.

ಇದಕ್ಕೆ ದಾರಿ ಥರ್ಮೋಸ್ಟಾಟಿಕ್ ಮಿಕ್ಸಿಂಗ್ ವಾಲ್ವ್. ಹಿತ್ತಾಳೆಯ, ಅಂಗೈಯಲ್ಲಿ ಕೂರುವ ಸಾಧನ, ಮೂರು ಬಾಯಿ: ಒಂದರಲ್ಲಿ ಬಿಸಿನೀರು ಒಳಗೆ, ಇನ್ನೊಂದರಲ್ಲಿ ತಣ್ಣೀರು, ಮೂರನೆಯದರಲ್ಲಿ ಬೆರೆತದ್ದು ಹೊರಗೆ. ಒಳಗಿನ ಮೇಣದ ಗುಳಿಗೆಯೊಂದು ಬಿಸಿಗೆ ಹಿಗ್ಗಿ ಕುಗ್ಗಿ ಬಾಗಿಲುಗಳನ್ನು ಸರಿಹೊಂದಿಸುತ್ತದೆ. ಅಂದರೆ ಕೈ ಅದ್ದಿ ನೋಡುವ ಕೆಲಸವನ್ನು ಅದು ಮಾಡುತ್ತದೆ. ಹಾಸಿಗೆಯ ಕೆಳಗೆ, ಹೀಟರಿನ ಬೆನ್ನಿಗೆ ಬರುವ ಕೆಂಪು ಮತ್ತು ನೀಲಿ ಪ್ಲಾಸ್ಟಿಕ್ ಕೊಳವೆಗಳ ನಡುವೆ ಅದನ್ನು ಕೂರಿಸಲು ನನಗೆ ಒಂದು ಶನಿವಾರ ಪೂರ್ತಿ ಹಿಡಿಯಿತು. ಅರ್ಧ ದಿನ ಕಳೆದದ್ದು ಬೆನ್ನಿನ ನೋವಿಗೆ. ಮೇಲಿನ ಮುಚ್ಚಳ ತೆಗೆದು, ತಿರುಪನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ, ಪ್ರತಿ ಸಲವೂ ಲೋಟದಲ್ಲಿ ನೀರು ಹಿಡಿದು ಅಳೆಯುತ್ತ 46 ಡಿಗ್ರಿಗೆ ತಂದು ನಿಲ್ಲಿಸಿದೆ. ಹೀಟರಿನ ಬಾಯಲ್ಲಿ ಇಡುವ ವಾಲ್ವಿಗೂ ಶವರಿನ ಬಾಯಲ್ಲಿ ಇಡುವ ವಾಲ್ವಿಗೂ ಅಮೆರಿಕದಲ್ಲಿ ಬೇರೆ ಬೇರೆ ಮಾನದಂಡಗಳಿವೆ. ಮೊದಲನೆಯದಿದ್ದರೆ ಎರಡನೆಯದು ಬೇಡ ಎಂದು ತಿಳಿಯಬಾರದು. ಶವರಿಗೂ ಒತ್ತಡ ಸರಿದೂಗಿಸುವ ನಲ್ಲಿಯನ್ನು ಈ ಚಳಿಗಾಲದಲ್ಲಿ ಹಾಕಿಸುವವನಿದ್ದೇನೆ.

ಇದಕ್ಕೆ ತದ್ವಿರುದ್ಧವಾದ ದೂರೊಂದು, "ನಮ್ಮ ಗಾಡಿಯಲ್ಲಿ ನೀರು ಬಿಸಿಯೇ ಆಗುವುದಿಲ್ಲ" ಎಂಬುದು, ನನಗೆ ಹೆಚ್ಚು ಅಪಾಯಕಾರಿಯಾಗಿ ಕಾಣುತ್ತದೆ. ಹೀಗೆನ್ನುವವರಲ್ಲಿ ಅನೇಕರ ಹೀಟರ್ ಸರಿಯಾಗಿಯೇ ಇರುತ್ತದೆ. ಚಳಿಗಾಲಕ್ಕೆ ಗಾಡಿ ನಿಲ್ಲಿಸುವಾಗ ತಿರುಗಿಸಿದ ಬೈಪಾಸ್ ವಾಲ್ವ್ (ನೀರು ಹೀಟರಿನೊಳಕ್ಕೆ ಹೋಗದೆ ಪಕ್ಕದಿಂದ ಹಾಯುವಂತೆ ಮಾಡುವ ವಾಲ್ವ್) ಅರ್ಧ ತೆರೆದೇ ಉಳಿದಿರುತ್ತದೆ. ಇಲ್ಲವೇ ಗಾಡಿಯ ಹೊರಗೆ ಕಾಲು ತೊಳೆಯಲೆಂದು ಇರುವ ಶವರಿನ ಎರಡೂ ನಲ್ಲಿಗಳನ್ನು ತೆರೆದಿಟ್ಟು ಹಿಡಿಯಲ್ಲಿ ಮಾತ್ರ ನೀರು ನಿಲ್ಲಿಸಿರುತ್ತಾರೆ, ಅಲ್ಲಿಂದ ತಣ್ಣೀರು ಬಿಸಿನೀರಿನ ಕೊಳವೆಗೆ ಸದ್ದಿಲ್ಲದೆ ಸೇರುತ್ತಿರುತ್ತದೆ. ಇದನ್ನು ಹುಡುಕದೆ ಹೆಚ್ಚು ಬಿಸಿಯ ಥರ್ಮೋಸ್ಟಾಟ್ ಹಾಕಿಸಿಕೊಂಡರೆ, ಮುಂದೆಂದೋ ಒಬ್ಬರು ಹೊರಗಿನ ನಲ್ಲಿಯನ್ನು ಸರಿಯಾಗಿ ಮುಚ್ಚಿದ ದಿನ ಒಳಗೆ ಮೀಯುತ್ತಿರುವವರ ಗತಿಯೇನು? ನಮ್ಮ ಗಾಡಿಯ ಹಿಂದಿನ ಒಡೆಯರೂ ಥರ್ಮೋಸ್ಟಾಟ್ ಬದಲಿಸಿದ್ದರು ಎಂಬುದು ಅದರ ಬೇರೆ ಬಣ್ಣದ ತಂತಿಗಳನ್ನು ನೋಡಿದಾಗ ತಿಳಿಯಿತು. ಗ್ಯಾಸು ಮತ್ತು ಕರೆಂಟು ಎರಡನ್ನೂ ಒಟ್ಟಿಗೆ ಹಾಕಿದರೆ ನೀರು ಬೇಗ ಕಾಯುತ್ತದೆ, ಹೆಚ್ಚು ಕಾಯುವುದಿಲ್ಲ. ಹೆಚ್ಚು ಕಾಯುತ್ತದೆ ಎಂಬ ತಪ್ಪು ತಿಳಿವಳಿಕೆಯೂ ವ್ಯಾಪಕವಾಗಿದೆ.

ಖಾಲಿ ತೊಟ್ಟಿಗೆ ಕರೆಂಟು ಹಾಕಿದರೆ ಕಾಯಿಲ್ ಸುಟ್ಟುಹೋಗುತ್ತದೆ. ಬಿಸಿನೀರಿನ ನಲ್ಲಿಯಲ್ಲಿ ಗಾಳಿ ಬುಸುಗುಟ್ಟುವುದು ನಿಂತು ನೀರು ಧಾರೆಯಾಗಿ ಬಂದ ಮೇಲೆಯೇ ಸ್ವಿಚ್ ಒತ್ತಬೇಕು. ಹೊರಗಿನ ಸುರಕ್ಷತಾ ವಾಲ್ವ್ 150 ಪಿಎಸ್‌ಐ (ಚದರ ಇಂಚಿಗೆ 150 ಪೌಂಡ್) ಒತ್ತಡಕ್ಕೆ ಅಥವಾ 210 ಡಿಗ್ರಿ ಫ್ಯಾರನ್‌ಹೀಟಿಗೆ ತೆರೆದುಕೊಳ್ಳುತ್ತದೆ. ಕಾಯುವಾಗ ಅದರಿಂದ ನೀರು ತೊಟ್ಟಿಕ್ಕುವುದು ಹೆಚ್ಚಾಗಿ ತೊಟ್ಟಿಯ ಮೇಲ್ಭಾಗದ ಗಾಳಿಯ ಪದರ ಕರಗಿಹೋದ ಲಕ್ಷಣ. ತೊಟ್ಟಿಕ್ಕುತ್ತದೆಂದು ಅದಕ್ಕೆ ಬೂಚು ಹೊಡೆಯುವುದೆಂದರೆ ತೊಟ್ಟಿಯನ್ನು ಬಾಂಬು ಮಾಡಿಟ್ಟಂತೆ. ನೀರು ಆರಿದ ಮೇಲೆ, ಪಂಪು ನಿಲ್ಲಿಸಿ, ಒಳಗೊಂದು ಬಿಸಿನೀರಿನ ನಲ್ಲಿ ತೆರೆದು, ವಾಲ್ವಿನ ಹಿಡಿಯನ್ನೆತ್ತಿ ಹರಿಯುವಷ್ಟು ನೀರು ಹರಿಯಲು ಬಿಟ್ಟರೆ ಗಾಳಿಯ ಪದರ ಮತ್ತೆ ಕೂಡುತ್ತದೆ. ಯುರೋಪಿನ ಗಾಡಿಗಳಲ್ಲಿ ಸಾಮಾನ್ಯವಾದ ಟ್ರೂಮಾ ಕಂಪನಿಯ ಹಲವು ಹೀಟರುಗಳಿಗೆ 40 ಮತ್ತು 60 ಡಿಗ್ರಿ ಸೆಲ್ಸಿಯಸ್ಸಿನ ಎರಡು ಹಂತಗಳಿವೆ, ನನ್ನ ಮಟ್ಟಿಗೆ ಅದು ಒಳ್ಳೆಯ ಏರ್ಪಾಡು. ಎಂಜಿನ್ನಿನ ಕೂಲೆಂಟಿನಿಂದ (ಎಂಜಿನ್ನನ್ನು ತಣಿಸುವ ದ್ರವದಿಂದ) ನೀರು ಕಾಯಿಸಿಕೊಳ್ಳುವ ಮೋಟರ್‌ಹೋಮುಗಳವರು ಮಾತ್ರ ದೂರ ಪ್ರಯಾಣದ ನಂತರದ ಮೊದಲ ಸ್ನಾನದಲ್ಲಿ ವಿಶೇಷ ಎಚ್ಚರ ವಹಿಸಬೇಕು: ಕೂಲೆಂಟು 90 ಡಿಗ್ರಿಯ ಆಸುಪಾಸಿನಲ್ಲಿ ಹರಿಯುತ್ತದೆ, ಹೀಟರಿನ ಥರ್ಮೋಸ್ಟಾಟಿಗೆ ಅದರ ಮೇಲೆ ಹಿಡಿತವಿಲ್ಲ.

ಅಂದು ಅಮ್ಮನ ಪಾದಕ್ಕೆ ಮಾಡಿದ ಉಪಚಾರವನ್ನೂ ಬರೆಯಬೇಕು. ಅವಳು ಕೇಳಿದ್ದು ಬೆಣ್ಣೆ. ನಾನು ಬೆಣ್ಣೆ, ಟೂತ್‌ಪೇಸ್ಟ್, ಐಸು ಯಾವುದನ್ನೂ ಮುಟ್ಟಿಸದೆ, 20 ನಿಮಿಷ ತಣ್ಣೀರು ಹೊಯ್ದೆ. ಸುಟ್ಟು ಮೂರು ಗಂಟೆಯೊಳಗೆ ಹೀಗೆ ತಣಿಸಿದರೂ ಪ್ರಯೋಜನವಿದೆ. ನಲ್ಲಿ ಬಿಟ್ಟಿದ್ದರೆ ನಮ್ಮ ತೊಟ್ಟಿ ಬರಿದಾಗುತ್ತಿತ್ತು, ಆದ್ದರಿಂದ ಅವಳ ಕಾಲನ್ನು ಪಾತ್ರೆ ತೊಳೆಯುವ ಟಬ್ಬಿನ ಮೇಲೆ ಇರಿಸಿ, ಅದೇ ನೀರನ್ನು ಚೊಂಬಿನಲ್ಲಿ ಮೊಗೆದು ಮೊಗೆದು ಸುರಿದೆವು, ನೀರು ಬೆಚ್ಚಗಾದಾಗ ಬದಲಿಸಿದೆವು. ಬೊಕ್ಕೆ ಏಳಲಿಲ್ಲ. ಆದರೂ ಸಕ್ಕರೆ ಕಾಯಿಲೆಯವರ ಪಾದವಾದ್ದರಿಂದ ಮರುದಿನ ಹತ್ತಿರದ ಊರಿನಲ್ಲಿ ವೈದ್ಯರಿಗೆ ತೋರಿಸಿದೆವು.

ವಾಲ್ವ್ ಹಾಕಿದ್ದೇನೆ ಎಂದು ಎಷ್ಟು ವಿವರಿಸಿದರೂ ಅಮ್ಮ ಮತ್ತೆ ಆ ಶವರಿನ ಕೆಳಗೆ ನಿಲ್ಲಲಿಲ್ಲ. ಸೆಪ್ಟೆಂಬರಿನ ಪ್ರವಾಸಕ್ಕೆ ಮಡಚಿ ಇಡಬಹುದಾದ ಒಂದು ಬಕೆಟ್ಟನ್ನೂ ಸ್ಟೀಲಿನ ಚೊಂಬನ್ನೂ ಅವಳೇ ಕೊಂಡುತಂದಳು. ಶವರಿನ ಹಿಡಿಯನ್ನು ಬಕೆಟ್ಟಿನೊಳಗೆ ಇಳಿಬಿಟ್ಟು, ಮುಕ್ಕಾಲು ತುಂಬಿಸಿ, ಪಾದವನ್ನು ನಂಬದೆ ಮೊಣಕೈ ಅದ್ದಿ ನೋಡಿ, ಆಮೇಲೆ ಬಾಗಿಲು ಹಾಕಿಕೊಳ್ಳುತ್ತಾಳೆ. ಅವಳ ಸ್ನಾನಕ್ಕೆ 12 ಲೀಟರ್ ಸಾಕಾಗುತ್ತದೆ. ನನಗೆ ಬೇಕಾಗುವುದು 25.